ಮೇಷ್ಟ್ರ ಬೈಕು

ಬೈಕುಗಳಲ್ಲಿ ದೇಶದ ಗಡಿ ದಾಟಿ ಹೋಗುವ ಪ್ರವಾಸದ ಹಿಂದಿನ ದಿನ ಮಧ್ಯಾಹ್ನ ನಾಲ್ವರೂ ಲಾಂಡ್ರಿಯ ಹಿತ್ತಲಲ್ಲಿ ಸೇರಿದ್ದರು. ಲಾಂಡ್ರಿ ನಾಲ್ವರಲ್ಲಿ ಒಬ್ಬಳೇ ಹೆಂಗಸಾದ ಅವಳದು, ಅವಳ ಗಂಡನದು. ಹೋಟೆಲುಗಳಿಂದ ಬಂದ ಬಿಳಿ ಬೆಡ್‌ಶೀಟುಗಳು ತಂತಿಯ ಮೇಲೆ ಗಾಳಿಗೆ ಉಬ್ಬುತ್ತಿದ್ದವು. ಅವುಗಳ ನಡುವೆ ಸಾಮಾನು ಕಟ್ಟಿಸಿಕೊಂಡ ನಾಲ್ಕು ಬೈಕುಗಳು ಮದುವೆ ಗಂಡುಗಳ ಹಾಗೆ ನಿಂತಿದ್ದವು.

"ಲೋ ಲಂಬು, ಶೀಟಿಗೆ ಗ್ರೀಸ್ ಕೈ ತಾಗಿಸಿದ್ಯೋ, ನೀನೇ ಒಗೀಬೇಕು ನೋಡು," ಎಂದು ಅವಳು ಒಳಗಿನಿಂದಲೇ ಕೂಗಿದಳು.

"ಅಕ್ಕ, ಕೈ ಎತ್ತಿಕೊಂಡೇ ಓಡಾಡ್ತಿದ್ದೀನಿ!" ಎಂದ ಲಂಬು. ವೈರಿಂಗ್ ಕೆಲಸದವನು, ಏಣಿಯಿಲ್ಲದೆಯೇ ಬಲ್ಬು ಬದಲಿಸುವಷ್ಟು ಎತ್ತರ. ಪಕ್ಕದಲ್ಲಿ ಹಲ್ಲಿನ ಡಾಕ್ಟರು ಕಟ್ಟಿದ ಹಗ್ಗವನ್ನೇ ಮತ್ತೆ ಬಿಚ್ಚಿ ಕಟ್ಟುತ್ತಿದ್ದರು. ಆಸ್ಪತ್ರೆಯಲ್ಲಿ ಎಷ್ಟು ಧೈರ್ಯವೋ, ಹಗ್ಗದ ವಿಷಯದಲ್ಲಿ ಅಷ್ಟೇ ಅನುಮಾನ.

ನಾಲ್ಕನೆಯವರು ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವರು. ಅವಳಿಗೂ ಕಲಿಸಿದ್ದರು. ಈ ಗುಂಪನ್ನು ಕಟ್ಟಿದವರೂ ಅವರೇ, ಎಲ್ಲ ಪ್ರವಾಸಗಳಲ್ಲೂ ಮುಂದೆ ಹೋಗುತ್ತಿದ್ದವರೂ ಅವರೇ. ಹೊರಡುವ ಮುಂಚೆ ಅವರದೊಂದು ನಿಯಮವಿತ್ತು: ಸಾಮಾನು ತುಂಬಿದ ಬೈಕನ್ನು ನೆಲಕ್ಕೆ ಮಲಗಿಸಬೇಕು, ಯಾರ ಸಹಾಯವೂ ಇಲ್ಲದೆ ತಾವೇ ಎತ್ತಿ ನಿಲ್ಲಿಸಬೇಕು. ಎತ್ತಲಾಗದವರು ಬರುವ ಹಾಗಿಲ್ಲ.

ಲಂಬು ಹೂವಿನ ಹಾಗೆ ಎತ್ತಿದ. ಡಾಕ್ಟರು ಮುಖ ಕೆಂಪು ಮಾಡಿಕೊಂಡು, ದೇವರನ್ನೂ ಬೈಕು ಮಾಡಿದವನನ್ನೂ ಒಟ್ಟಿಗೇ ನೆನೆದು ಎತ್ತಿದರು. ಆಮೇಲೆ ಮೇಷ್ಟ್ರು ತಮ್ಮ ಭಾರೀ ಬೈಕನ್ನು ಮಲಗಿಸಿ ಹ್ಯಾಂಡಲಿಗೆ ಕೈ ಹಾಕಿದರು. ಬೈಕು ಮೊಣಕಾಲಿನವರೆಗೆ ಬಂತು. ಅವರ ಎಡ ಭುಜ ಒಮ್ಮೆ ನಡುಗಿತು. ಬೈಕು ಮತ್ತೆ ನೆಲ ಹಿಡಿಯಿತು. ಇನ್ನೊಮ್ಮೆ ಎತ್ತಿದರು. ಈ ಸಲ ಅಷ್ಟೂ ಬರಲಿಲ್ಲ.

ಲಂಬು ಆಕಾಶ ನೋಡಿದ.

"ಈ ಸಲ ಬಿಟ್ಟುಬಿಡಿ ಮೇಷ್ಟ್ರೇ, ದಾರೀಲಿ ಬಿದ್ರೆ ಎತ್ತೋಕೆ ನಾವಿದ್ದೀವಲ್ಲ," ಎಂದರು ಡಾಕ್ಟರು.

"ನಿಯಮ ಮಾಡಿದ್ದು ನಾನು. ನನಗೊಂದು, ನಿಮಗೊಂದಾ?" ಮೇಷ್ಟ್ರು ಕೂತು ತಮ್ಮ ಚೀಲದ ಹಗ್ಗ ಬಿಚ್ಚತೊಡಗಿದರು. "ನೀವು ಮೂವರು ಹೋಗ್ಬನ್ನಿ. ನಾನು ಇನ್ನೊಂದ್ಸಲ ಬರ್ತೀನಿ."

ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ಮನಸ್ಸಿನ ಮೂಲೆಯಲ್ಲಿ ಇನ್ನೊಂದೂ ಮಿಸುಕಾಡಿತು. ಎಷ್ಟೋ ಪ್ರವಾಸಗಳಿಂದ ಸಾಲಿನ ಕೊನೆಯಲ್ಲಿ ಎಲ್ಲರ ಧೂಳು ಕುಡಿಯುತ್ತ ಬಂದವಳು ಅವಳು. ಒಮ್ಮೆ ಮುಂದೆ ಹೋಗಬೇಕೆಂಬ ಆಸೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅದು ಹೀಗೆ ಎದುರಿಗೆ ಬಂದು ನಿಂತದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು, ಮೈ ಬಿಸಿಯೂ ಆಯಿತು.

"ಹಗ್ಗ ಬಿಡಿ ಮೇಷ್ಟ್ರೇ," ಎಂದಳು. "ಕೈ ಕೊಟ್ಟಿರೋದು ನಿಮ್ಮ ಭುಜ, ನೀವಲ್ಲ. ಓಡಿಸೋ ಬೈಕನ್ನ ಎತ್ತಬೇಕು ಅಂತ ತಾನೇ ನಿಯಮ? ನನ್ನ ಬೈಕ್ ಓಡಿಸಿ. ನಿಮ್ಮದು ನನಗೆ ಕೊಡಿ."

"ನಿನ್ನ ಆ ಪುಟಾಣಿ ಬೈಕಾ? ನಾನು ಕೂತ್ರೆ ಸರ್ಕಸ್ ಕರಡಿ ಸೈಕಲ್ ಹೊಡೆದ ಹಾಗಿರುತ್ತೆ."

"ಒಳ್ಳೇದೇ ಆಯ್ತು, ಆಚೆ ದೇಶದಲ್ಲಿ ಟಿಕೆಟ್ ಇಟ್ಟು ತೋರಿಸೋಣ," ಎಂದ ಲಂಬು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

"ಮೊದಲು ಎತ್ತು ನೋಡೋಣ. ಎತ್ತಿದ್ರೆ ಮಾತು," ಎಂದರು.

ಅವಳು ಸೊಂಟಕ್ಕೆ ದುಪಟ್ಟಾ ಬಿಗಿದಳು. ನೀರು ಕುಡಿದ ಕಂಬಳಿಗಳನ್ನು ತೊಟ್ಟಿಯಿಂದ ಎಳೆದೂ ಎಳೆದೂ ಅವಳಿಗೆ ಒಂದು ವಿಷಯ ಗೊತ್ತಾಗಿತ್ತು: ಭಾರವನ್ನು ತೋಳಿಗೆ ಕೊಡಬಾರದು, ಕಾಲಿಗೆ ಕೊಡಬೇಕು. ಬೈಕಿಗೆ ಬೆನ್ನು ಮಾಡಿ ಕುಕ್ಕರಿಸಿ, ಸೀಟಿಗೆ ಸೊಂಟ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದಳು. ಮೊದಲ ಸಲ ಒದ್ದೆ ನೆಲದಲ್ಲಿ ಕಾಲು ಜಾರಿತು.

"ಬೇಡ ಕಣೇ, ಬೆನ್ನು ಹಿಡ್ಕೊಳ್ಳುತ್ತೆ!" ಕಿಟಕಿಯಿಂದ ನೋಡುತ್ತಿದ್ದ ಗಂಡ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿ ಬಂದ.

"ದೂರ ಇರಿ. ಮುಟ್ಟಿದ್ರೆ ಲೆಕ್ಕಕ್ಕಿಲ್ಲ."

ಚಪ್ಪಲಿ ಕಳಚಿ ಎಸೆದು, ಬರಿಗಾಲನ್ನು ನೆಲಕ್ಕೆ ಊರಿ, ಹಲ್ಲು ಕಚ್ಚಿ ಹಿಂದಕ್ಕೆ ತಳ್ಳಿದಳು. ಹೆಜ್ಜೆ ಹೆಜ್ಜೆಗೂ ಬೈಕು ಮೇಲೆದ್ದು ಬಂತು, ಕೊನೆಗೆ ಒಮ್ಮೆ ತೂಗಿ ನೆಟ್ಟಗೆ ನಿಂತಿತು. ಲಂಬು ಸಿಳ್ಳೆ ಹೊಡೆದ. ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು. ಯಾವುದೋ ಹೋಟೆಲಿನ ದಿಂಬಿನ ಚೀಲ ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಕರಕಲಾಗಿಬಿಟ್ಟಿತ್ತು.

ಮೇಷ್ಟ್ರು ಅವಳ ಬೈಕನ್ನು ಮಲಗಿಸಿ ಬಲಗೈಯ ಜೋರಿನಲ್ಲೇ ಎತ್ತಿದರು. ಆಮೇಲೆ ತಮ್ಮ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, "ದೊಡ್ಡ ಬೈಕು ಯಾರ ಕೈಲಿದೆಯೋ ಅವರೇ ಮುಂದೆ," ಎಂದರು.

"ಅಯ್ಯೋ, ಮುಂದೆ ನೀವೇ ಇರಿ ಮೇಷ್ಟ್ರೇ."

"ನಾಟಕ ಬೇಡ. ನಿನಗೆ ಆಸೆ ಇತ್ತು ಅಂತ ನನಗೆ ಗೊತ್ತಿಲ್ವಾ? ಕಲಿಸಿದವನಿಗೆ ಕಾಣಲ್ವಾ? ಕನ್ನಡಿ ನೋಡು, ಆದ್ರೆ ನಾನು ಬರ್ತಿದ್ದೀನಾ ಅಂತ ಅದನ್ನೇ ನೋಡ್ತಾ ಕೂರಬೇಡ. ರಸ್ತೆ ಇರೋದು ಮುಂದೆ."

ಅವಳು ಕೀಲಿ ಹಾಕಿ ತಿರುಗಿಸಿದಳು. ಸಂಜೆಯವರೆಗೂ ಆ ಬೈಕಿನಲ್ಲಿ ಊರು ಸುತ್ತಿ, ಅದರ ತೂಕ, ಬ್ರೇಕು, ತಿರುವಿನಲ್ಲಿ ಅದು ಮಾಡುವ ಹಟ ಎಲ್ಲವನ್ನೂ ತನ್ನದಾಗಿಸಿಕೊಂಡಳು.

ಬೆಳಿಗ್ಗೆ ಹೊರಟರು. ಮೊದಲ ದೊಡ್ಡ ಸರ್ಕಲ್ಲಿನಲ್ಲೇ ಅವಳು ತಪ್ಪು ರಸ್ತೆ ಹಿಡಿದಳು. ಹಿಂದಿನಿಂದ ಮೂರೂ ಹಾರನ್ನುಗಳು ಒಟ್ಟಿಗೆ ಬೊಬ್ಬೆ ಹೊಡೆದವು. ನಗುತ್ತಲೇ ಬೈಕು ತಿರುಗಿಸಿದಳು. ಆಮೇಲೆ ದಾರಿ ತಪ್ಪಲಿಲ್ಲ. ಬಯಲಿನ ಅಡ್ಡಗಾಳಿಯಲ್ಲಿ ವೇಗ ಇಳಿಸಿದಳು, ಲಾರಿಗಳನ್ನು ತಾಳ್ಮೆಯಿಂದ ಹಿಂದೆ ಹಾಕಿದಳು, ಡಾಕ್ಟರು ಹಗ್ಗ ನೋಡಿಕೊಳ್ಳಬೇಕೆಂದಾಗಲೆಲ್ಲ ನಿಲ್ಲಿಸಿದಳು.

ಗಡಿಯ ಗೇಟಿನಲ್ಲಿ ಸಮವಸ್ತ್ರದವನು ನಾಲ್ವರನ್ನೂ ಅಳೆದು ನೋಡಿ, ಸಹಜವಾಗಿ ಮೇಷ್ಟ್ರ ಕಡೆ ತಿರುಗಿದ. "ಗುಂಪಿನ ಮುಖ್ಯಸ್ಥರು ನೀವಾ?"

ಮೇಷ್ಟ್ರು ಗದ್ದದಿಂದ ಅವಳ ಕಡೆ ತೋರಿಸಿದರು.

"ನಾನು," ಎಂದು ಅವಳು ಹೆಲ್ಮೆಟ್ ತೆಗೆದಳು. "ಏನು ಕೇಳೋದಿದ್ರೂ ನನ್ನ ಕೇಳಿ."

ಅವನು ಎಲ್ಲಿಗೆ, ಎಷ್ಟು ದಿನ ಎಂದೆಲ್ಲ ಕೇಳಿದ. ಅವಳು ತಡವರಿಸದೆ ಹೇಳಿದಳು. ಅಡ್ಡಗಂಬ ಮೇಲೆದ್ದಿತು. ಅವಳು ಗೇರು ಹಾಕಿ ಮೊದಲು ದಾಟಿದಳು.