ಹನ್ನೆರಡನೇ ಕುರ್ಚಿ

ನನ್ನ ಎಡಗಾಲಿಗೆ ಆರು ಬೆರಳು. ಇಷ್ಟನ್ನು ಡೈರಿಯಲ್ಲಿ ಬರೆಯುವುದಕ್ಕೂ ನನಗೆ ಇಪ್ಪತ್ಮೂರು ವರ್ಷ ಬೇಕಾಯಿತು. ಕಿರುಬೆರಳಿನ ಪಕ್ಕಕ್ಕೆ ಅಂಟಿಕೊಂಡಿರುವ, ಕಡಲೆಕಾಳಿನ ಸಿಪ್ಪೆಯಷ್ಟು ಉಗುರಿರುವ ಬೆರಳು ಅದು. ನೋಯುವುದಿಲ್ಲ, ನಡೆಯಲು ಅಡ್ಡಿಯಿಲ್ಲ. ಅವ್ವ ಅದನ್ನು ಅದೃಷ್ಟ ಅನ್ನುತ್ತಾಳೆ. ಆದರೆ ನಾನು ಆರನೇ ತರಗತಿಯಿಂದ ಕಾಲ್ಚೀಲ ಹಾಕಿಕೊಳ್ಳತೊಡಗಿದಾಗ ಆಕೆ ಒಮ್ಮೆಯೂ ಬೇಡ ಅನ್ನಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಕೊಟ್ಟೂರಿನ ನಮ್ಮ ಚರ್ಚಿನ ತಗಡಿನ ಚಾವಣಿಯ ಕೆಳಗೆ, ಚಾಪೆಯ ಮೇಲೆ ಕಾಲ್ಚೀಲ ಹಾಕಿಕೊಂಡು ಕೂರುವವಳು ನಾನೊಬ್ಬಳೇ. ಕೇಳಿದವರಿಗೆ ಹಿಮ್ಮಡಿ ಒಡೆದಿದೆ ಅನ್ನುತ್ತೇನೆ.

ಈ ವರ್ಷ ಪವಿತ್ರ ಗುರುವಾರದ ದಿನ ಫಾದರ್ ಎಲ್ಲರೆದುರು ನನ್ನ ಕಾಲು ತೊಳೆಯುವವರಿದ್ದರು. ನನ್ನ ಚಿಂತೆ ಅದು.

ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ಸಂಜೆ ಊಟಕ್ಕೆ ಕೂತಾಗ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದನಂತೆ. ಅದರ ನೆನಪಿಗೆ ಪ್ರತಿ ವರ್ಷ ಪೀಠದ ಮುಂದೆ ಹನ್ನೆರಡು ಕುರ್ಚಿ ಹಾಕುತ್ತಾರೆ. ಕೂತವರ ಕಾಲನ್ನು ಗುರುಗಳು ಮೊಣಕಾಲೂರಿ ತೊಳೆದು ಒರೆಸುತ್ತಾರೆ. ನಮ್ಮ ಧರ್ಮಕೇಂದ್ರ ಸಣ್ಣದು, ಹರಡಿಕೊಂಡಿರುವುದು ಮಾತ್ರ ಬಹಳ ದೂರ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಜೊತೆಗೆ ಗುಡ್ಡದ ನಡುವಿನ ಗುಡೇಕೋಟೆ. ಆರೂ ಕಡೆ ಸೇರಿ ಎಪ್ಪತ್ತು ಮನೆ. ಊರಿಗೆ ಇಬ್ಬರಂತೆ ಹನ್ನೆರಡು ಮಂದಿ ಆಗುತ್ತಿತ್ತು. ಈ ವರ್ಷ ಬಂದ ಹೊಸ ಫಾದರ್ ಯುವಜನರ ಪರವಾಗಿಯೂ ಒಬ್ಬರಿರಲಿ ಅಂದರು, ಅಂದವರು ನನ್ನ ಕಡೆ ನೋಡಿದರು. ಬೇಡ ಅನ್ನಬೇಕಾದರೆ ಬಾಯಿ ತೆರೆಯಬೇಕು. ನಾನು ತೆರೆಯಲಿಲ್ಲ. ಮೇಲಾಗಿ ಇಷ್ಟು ವರ್ಷ ತೊಳೆಯುತ್ತಿದ್ದದ್ದು ಬಲಗಾಲನ್ನು ಮಾತ್ರ.

ಹೆಸರು ಬರೆದುಕೊಳ್ಳುವುದು, ಫೋನ್ ಮಾಡಿ ತಿಳಿಸುವುದು ನನ್ನ ಕೆಲಸ. ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ, ಅಕ್ಷರ ದುಂಡಗಿದೆ, ಅಷ್ಟೇ ಕಾರಣ. ಫಾದರ್ ನನ್ನನ್ನು ಸೇರಿಸುವ ಹೊತ್ತಿಗೆ ಹನ್ನೆರಡು ಮಂದಿಗೂ ತಿಳಿಸಿಯಾಗಿತ್ತು. ಪವಿತ್ರ ಗುರುವಾರಕ್ಕೆ ನಾಲ್ಕು ದಿನ ಮೊದಲಿನ ಗರಿಗಳ ಭಾನುವಾರ ಪೂಜೆ ಮುಗಿದು, ಜನ ಈಚಲ ಗರಿ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟ ಮೇಲೆ, ಮಾರೇಶಣ್ಣ ನನ್ನ ನೋಟ್‌ಬುಕ್ಕು ತೆಗೆದು ನೋಡಿದ. ಅವನು ಬಸ್ ಕಂಡಕ್ಟರು, ನಮ್ಮ ಚರ್ಚಿನ ಪಾಲನಾ ಸಮಿತಿಯ ಉಪಾಧ್ಯಕ್ಷ.

"ಹದಿಮೂರಾತಲ್ಲಬೇ ಸಮತಾ. ಇರೋದು ಹನ್ನೆರಡು ಸೀಟು. ನಮ್ಮ ಬಸ್ಸಿನಾಗಾದ್ರ ನಿಂತು ಬರ್ರಿ ಅಂತೀನಿ. ಇಲ್ಲಿ ನಿಂತವರ ಕಾಲು ತೊಳೆಯೋದು ಹೆಂಗ? ಒಬ್ಬರನ್ನ ಇಳಿಸು."

"ಯಾರನ್ನಣ್ಣ?"

"ಯಾರನ್ನರ ಇಳಿಸು. ಜಗಳ ಬರಬಾರದು, ಅಷ್ಟ."

ನಾನು ಹೆಸರುಗಳ ಮೇಲೆ ಪೆನ್ನು ಆಡಿಸಿದೆ. ಹರಪನಹಳ್ಳಿಯ ರಿಟೈರ್ಡ್ ಹೆಡ್‌ಮಾಸ್ತರು ಕಾರಣ ಕೇಳುತ್ತಾರೆ, ಬರೆದು ಕೊಡು ಅಂದರೂ ಅಂದಾರು. ಹಡಗಲಿಯವರು ಪೀಠಕ್ಕೆ ಮಲ್ಲಿಗೆ ಕಳಿಸುವುದನ್ನು ನಿಲ್ಲಿಸುತ್ತಾರೆ. ಕೂಡ್ಲಿಗಿಯವರು ವಾಟ್ಸಾಪ್ ಗ್ರೂಪಿನಲ್ಲಿ ಬರೆಯುತ್ತಾರೆ. ಗುಡೇಕೋಟೆಯ ಎರಡು ಹೆಸರು ಗಾದೆಪ್ಪ, ಹುಲುಗಮ್ಮ. ಗಾದೆಪ್ಪನ ಹತ್ತಿರ ಫೋನಿದೆ, ಹುಲುಗಮ್ಮನ ಹತ್ತಿರ ಇಲ್ಲ. ಆಕೆಗೆ ಅರವತ್ತು ದಾಟಿದೆ. ಗುಡ್ಡದ ಸೀತಾಫಲ ಮಾರುತ್ತಾಳೆ, ಆಡು ಮೇಯಿಸುತ್ತಾಳೆ. ತಿಂಗಳಿಗೊಮ್ಮೆ ಫಾದರ್ ಅಲ್ಲಿಗೆ ಪೂಜೆಗೆ ಹೋದಾಗ ಅಂಗಳ ಸಾರಿಸಿ ಚಾಪೆ ಹಾಸುವವಳು ಆಕೆಯೇ. ಹಾಸಿ ಮುಗಿಸಿ, ತಾನು ಕೊನೆಯಲ್ಲಿ, ಚಾಪೆ ಇಲ್ಲದ ಕಡೆ ಕೂರುತ್ತಾಳೆ.

ಆಕೆ ಕೇಳುವವಳಲ್ಲ. ಅಂಥವರು ನನಗೆ ಚೆನ್ನಾಗಿ ಗೊತ್ತು, ನಾನೂ ಅವರ ಪೈಕಿ. ಹುಲುಗಮ್ಮನ ಹೆಸರಿನ ಮೇಲೆ ಗೆರೆ ಎಳೆದೆ.

ನನ್ನ ಹೆಸರೂ ಅದೇ ಹಾಳೆಯ ಕೊನೆಯಲ್ಲಿತ್ತು. ಅದನ್ನು ಹೊಡೆದಿದ್ದರೆ ಫಾದರಿಗೆ ಕಾರಣ ಹೇಳಬೇಕಾಗುತ್ತಿತ್ತು. ಆಮೇಲೆ ಪಟ್ಟಿಯನ್ನು ಬೇರೆ ಹಾಳೆಗೆ ಚೊಕ್ಕವಾಗಿ ಬರೆದು ಮಾರೇಶಣ್ಣನಿಗೆ ಕೊಟ್ಟೆ. ಆ ಹಾಳೆಯಲ್ಲಿ ಗೆರೆಯೂ ಇರಲಿಲ್ಲ.

ಹುಲುಗಮ್ಮ ಬರುವುದು ಬೇಡವೆಂದು ತಿಳಿಸಲು ಸೋಮವಾರ ಗಾದೆಪ್ಪನ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಮಂಗಳವಾರ ಒತ್ತಿದೆ, ಬಿಜಿ ಬಂತು, ನೆಮ್ಮದಿಯಾಯಿತು. ಬುಧವಾರ ಒತ್ತಲಿಲ್ಲ. ಗುಡೇಕೋಟೆಯಿಂದ ಕೂಡ್ಲಿಗಿಗೆ ಒಂದು ಬಸ್ಸು, ಅಲ್ಲಿಂದ ಕೊಟ್ಟೂರಿಗೆ ಇನ್ನೊಂದು, ಈ ಬಿಸಿಲಿಗೆ ಮುದುಕಿ ಬರಲಿಕ್ಕಿಲ್ಲ ಅಂದುಕೊಂಡೆ.

ಬುಧವಾರ ಸಂಜೆ ಕುರ್ಚಿಗಳನ್ನಿಟ್ಟು ಅಭ್ಯಾಸ ನಡೆಯಿತು. ಕೊನೆಯ ಕುರ್ಚಿಯಲ್ಲಿ ಕೂರಲು ಯಾರಿಗೂ ಇಷ್ಟವಿರುವುದಿಲ್ಲ. ಹನ್ನೆರಡನೇದು ಯೇಸುವನ್ನೇ ಹಿಡಿದುಕೊಟ್ಟ ಶಿಷ್ಯ ಯೂದನ ಕುರ್ಚಿ ಅಂತ ಮಕ್ಕಳು ನಗುತ್ತಾರೆ. ಹಾಗಾಗಿ ಅದು ನನ್ನ ಪಾಲಿಗೆ ಬಂತು.

"ಬಲಗಾಲು ಮುಂದ ಚಾಚಬೇಕು, ಹೌದಲ್ರಿ?" ಮಾರೇಶಣ್ಣ ಕೇಳಿದ.

"ಎರಡೂ," ಅಂದರು ಫಾದರ್. "ಒಂದು ಕಾಲು ತೊಳೆದು ಇನ್ನೊಂದನ್ನು ಬಿಟ್ಟರೆ ಅರ್ಧ ಮುಖಕ್ಕೆ ನೀರು ಹಾಕಿಕೊಂಡ ಹಾಗೆ. ಈ ವರ್ಷ ಎರಡೂ ತೊಳೆಯೋಣ."

ಆ ದಿನ ಮನೆಗೆ ಬಂದು ಜ್ವರ ಬರಲಿ ಎಂದು ಕಾದೆ. ಬರಲಿಲ್ಲ.

ಗುರುವಾರ ಸಂಜೆ ಐದು ಗಂಟೆಗೆಲ್ಲ ಚರ್ಚಿನ ಹಿಂದಿನ ನಲ್ಲಿಯ ಮುಂದೆ ಸಾಲು ನಿಂತಿತ್ತು. ಇದು ಪ್ರತಿ ವರ್ಷದ ನೋಟ. ಫಾದರ್ ಕಾಲು ತೊಳೆಯುವವರಿದ್ದಾರೆಂದು ಎಲ್ಲರೂ ಮೊದಲೇ ಕಾಲು ತೊಳೆದುಕೊಳ್ಳುತ್ತಾರೆ, ಸೋಪು ಹಚ್ಚಿ, ಉಗುರು ಕತ್ತರಿಸಿ.

"ಮಾಸ್ತರ್, ಫಾದರಿಗೆ ಒಂದೀಟು ಕೆಲಸ ಉಳಿಸ್ರಿ," ಅಂದ ಗಾದೆಪ್ಪ.

"ನಿನ್ನ ಕಾಲು ನೋಡ್ಕೋ ಮೊದಲು. ಒಂದು ಬಕೀಟು ನೀರು ನಿನಗ ಬೇಕು," ಹೆಡ್‌ಮಾಸ್ತರು ಹಿಮ್ಮಡಿ ತಿಕ್ಕುತ್ತಲೇ ಅಂದರು.

ಆಗ ಗೇಟಿನಲ್ಲಿ ಹುಲುಗಮ್ಮ ಕಾಣಿಸಿದಳು. ಮಡಿಕೆಯ ಗೆರೆ ಇನ್ನೂ ಹೋಗದ ಹಸಿರು ಸೀರೆ ಉಟ್ಟಿದ್ದಳು. ಎರಡೂ ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿ, ಮೇಲೆ ದಾರ ಕಟ್ಟಿಕೊಂಡು, ಅದರ ಮೇಲೆ ಚಪ್ಪಲಿ ಹಾಕಿದ್ದಳು. ಹಿಂದೆ ಒಬ್ಬ ಹಿರಿಯ, ಹೆಗಲ ಮೇಲೆ ಟವೆಲ್.

"ಏನಬೇ ಇದು, ಕಾಲಿಗೆ ಪಾರ್ಸೆಲ್ ಕಟ್ಟಿಸಿಕೊಂಡು ಬಂದೀಯಲ್ಲ?" ಗಾದೆಪ್ಪ ನಕ್ಕ.

"ಬಸ್ಸಿನಾಗ ಧೂಳು ಭಾಳ ನೋಡು," ಆಕೆ ಕಟ್ಟೆಯ ಮೇಲೆ ಕೂತು ದಾರ ಬಿಚ್ಚಿದಳು. "ಎಂಟು ದಿನ ಆತು, ಇಟ್ಟಂಗಿ ಚೂರು ತಗೊಂಡು ತಿಕ್ಕೀನಿ, ಹರಳೆಣ್ಣಿ ಹಚ್ಚೀನಿ. ಸ್ವಾಮ್ಯಾರ ಕೈಗೆ ಚುಚ್ಚಬಾರದಲ್ಲ." ಆಮೇಲೆ ನನ್ನನ್ನು ನೋಡಿ, "ಇವ ನಮ್ಮಣ್ಣ ಮೈಲಪ್ಪ. ನನ್ನ ಕಾಲು ಫಾದರ್ ತೊಳೀತಾರ ಅಂದ್ರ ಸುಳ್ಳು ಅಂದ. ಬಂದು ನೋಡು ಅಂತ ಎಳಕೊಂಡು ಬಂದೀನಿ. ಖರೇ ಆದ್ರ ಇನ್ನ ಮ್ಯಾಲೆ ಚರ್ಚಿನ ಸುದ್ದಿ ತೆಗೆದು ನನ್ನ ಆಡಿಕೊಳ್ಳಂಗಿಲ್ಲ ಅಂತ ಮಾತಾಗೇತಿ."

"ಅಲ್ಲವಾ," ಮೈಲಪ್ಪ ನನ್ನನ್ನೇ ಕೇಳಿದ, "ಇಕಿ ಕಾಲು ಇಕಿ ಗಂಡನೂ ನೆಟ್ಟಗ ನೋಡಿದ್ದಿಲ್ಲ. ಅಷ್ಟು ದೊಡ್ಡ ಮನುಷ್ಯ ಕೂತು ತೊಳೀತಾನಂದ್ರ ನಂಬೋ ಮಾತೇನು?"

ಗಾದೆಪ್ಪ ಕಾಲು ಒರೆಸಿಕೊಂಡು ಒಳಗೆ ಹೋದ ಮೇಲೆ ಮಾರೇಶಣ್ಣ ಪಟ್ಟಿ ಹಿಡಿದುಕೊಂಡು ಬಂದ. ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲಕ್ಕೆ ಓದಿದ.

"ಹುಲುಗಮ್ಮ, ನಿಮ್ಮ ಹೆಸರು ಇದರಾಗ ಇಲ್ಲಲ್ರಿ. ಯಾರು ಹೇಳಿದ್ರು ನಿಮಗ?"

"ಈ ಮಗಳ ಹೇಳಿದ್ಲು, ಗಾದೆಪ್ಪನ ಫೋನಿಗೆ ಮಾಡಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಇಳಿಸಿದ್ದು ಯಾರನ್ನೆಂದು ಮಾರೇಶಣ್ಣನಿಗೆ ಆಗ ಹೊಳೆಯಿತು. ಪೆನ್ನನ್ನು ಕಿವಿಗೆ ಸಿಕ್ಕಿಸಿ ಸುಮ್ಮನಾದ. ಜಗಳ ಬರಬಾರದು, ಅಷ್ಟೆ. ನಾನೂ ಸುಮ್ಮನಿದ್ದೆ. ಕೊನೆಗೆ ಹುಲುಗಮ್ಮನೇ ಮಾತಾಡಿದಳು.

"ಇರಲಿ ಬಿಡ್ರಿ. ನಂದ ತಪ್ಪಿರಬೇಕು. ವಯಸ್ಸಾತು, ಯಾವಾಗಿನ ಮಾತೋ ಏನೋ." ಬಿಚ್ಚಿದ ಪ್ಲಾಸ್ಟಿಕ್ ಚೀಲಗಳನ್ನು ಆಕೆ ಮಡಚತೊಡಗಿದಳು, ಅಂಗೈ ಅಗಲಕ್ಕೆ, ಆಮೇಲೆ ಅದರ ಅರ್ಧಕ್ಕೆ.

"ನಾ ಅಂದಿದ್ನಲ್ಲ," ಮೈಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಕರೀಲಾರದ ಊಟಕ್ಕ ಎಲಿ ತಗೊಂಡು ಬಂದಂಗಾತು ನಿಂದು."

"ನನ್ನ ಕುರ್ಚಿಯಲ್ಲಿ ನೀವು ಕುಂದ್ರಿ," ಅಂದೆ ನಾನು.

ಅಷ್ಟು ಬೇಗ ನಾನು ಯಾವತ್ತೂ ಮಾತಾಡಿದವಳಲ್ಲ. ಎಲ್ಲರ ಮುಖ ಸಡಿಲವಾಯಿತು. ಹೆಡ್‌ಮಾಸ್ತರು ಒದ್ದೆ ಕೈಯಿಂದಲೇ ನನ್ನ ತಲೆ ಸವರಿದರು. ಮಾರೇಶಣ್ಣ ಕಿವಿಯ ಪೆನ್ನು ತೆಗೆದು ಪಟ್ಟಿ ತಿದ್ದಿದ. ಅಲ್ಲೇ ಇದ್ದ ನನ್ನ ಅವ್ವ ಮೂವರಿಗೆ ಹೇಳಿದಳು. ಹೀಗೆ ಮಾತು ಒಳಗೆ ಫಾದರ್ ಕಿವಿಗೂ ಹೋಯಿತು. ಕೆಲಸವಿಲ್ಲದವಳಾದೆನಲ್ಲ, ಒರೆಸುವ ಟವೆಲ್ ಹಿಡಿಯಲು ಫಾದರ್ ನನ್ನನ್ನೇ ಕರೆದರು. ಕಾಲ್ಚೀಲದೊಳಗೆ ನನ್ನ ಆರು ಬೆರಳು ಸುರಕ್ಷಿತವಾಗಿದ್ದವು. ಸಂತೋಷಪಡಬೇಕಿತ್ತು.

ಮೈಲಪ್ಪ ಒಳಗೆ ಬರಲಿಲ್ಲ. ಬೇವಿನ ಮರಕ್ಕೆ ಕಟ್ಟಿದ್ದ ಸ್ಪೀಕರಿನ ಕೆಳಗೆ, ಕಿಟಕಿಯ ಹೊರಗೆ ನಿಂತ. "ಇಲ್ಲಿಂದನ ಕಾಣ್ತತಿ ಬಿಡ್ರಿ," ಅಂದ.

ಪೂಜೆ ಶುರುವಾಯಿತು. ಪ್ರಬೋಧನೆಯಲ್ಲಿ ಫಾದರ್ ಸೇವೆಯ ಬಗ್ಗೆ ಮಾತಾಡುತ್ತ ನನ್ನ ಹೆಸರು ತಂದರು. "ಇವತ್ತು ಕರೆಯದೆ ಬಂದ ಒಬ್ಬ ತಾಯಿಗೆ ನಮ್ಮ ಸಮತಾ ತನ್ನ ಜಾಗವನ್ನೇ ಬಿಟ್ಟುಕೊಟ್ಟಳು. ನಾನು ಉಪದೇಶ ಮಾಡುವ ಮೊದಲೇ ಆಕೆ ಮಾಡಿ ತೋರಿಸಿದಳು." ಎಪ್ಪತ್ತು ಮನೆಯ ಜನ ನನ್ನ ಕಡೆ ತಿರುಗಿದರು. ಹುಲುಗಮ್ಮ ಹನ್ನೆರಡನೇ ಕುರ್ಚಿಯಿಂದಲೇ ನನಗೆ ಕೈಮುಗಿದಳು. ಕಿಟಕಿಯಲ್ಲಿ ಮೈಲಪ್ಪ ತಲೆ ಅಲ್ಲಾಡಿಸಿದ. ಕರೆಯದೆ ಬಂದವಳು ಎಂಬುದಕ್ಕೆ ಅವನಿಗೆ ಸ್ಪೀಕರಿನಲ್ಲೇ ಸಾಕ್ಷಿ ಸಿಕ್ಕಿತ್ತು.

ಫಾದರ್ ಸೊಂಟಕ್ಕೆ ಬಿಳಿ ಬಟ್ಟೆ ಬಿಗಿದು ಮೊದಲ ಕುರ್ಚಿಯ ಮುಂದೆ ಮೊಣಕಾಲೂರಿದರು. ಅವರ ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿತ್ತು. ತೆಗೆಯಲು ಮರೆತಿದ್ದರೋ ಏನೋ, ನೀರು ಬೀಳುವ ಸದ್ದೆಲ್ಲ ಹೊರಗೆ ಕೇಳುತ್ತಿತ್ತು. ಎರಡನೇ ಕುರ್ಚಿಯಲ್ಲಿ ಹೆಡ್‌ಮಾಸ್ತರು "ಅಬ್ಬಾ, ತಣ್ಣಗೈತಿ" ಅಂದದ್ದು ಇಡೀ ಅಂಗಳಕ್ಕೆ ಕೇಳಿ ಹೊರಗಿನವರು ನಕ್ಕರು. ನಾಲ್ಕನೇ ಕುರ್ಚಿಯ ಹೊತ್ತಿಗೆ ನೆಲವೆಲ್ಲ ನೀರಾಗಿ ನನ್ನ ಕಾಲ್ಚೀಲ ನೆನೆದು ಜಾರತೊಡಗಿತು.

"ತೆಗೆದುಬಿಡಮ್ಮ, ಬಿದ್ದೀಯ," ಅಂದರು ಫಾದರ್, ತಲೆಯೆತ್ತದೆ.

ಟವೆಲ್‌ಗಳನ್ನು ಕಂಕುಳಲ್ಲಿ ಹಿಡಿದು ಎರಡೂ ಕಾಲ್ಚೀಲ ತೆಗೆದೆ. ಬರಿಗಾಲಲ್ಲಿ ನಿಂತೆ. ಯಾರಾದರೂ ನೋಡುತ್ತಾರೆಂದು ಕಾದೆ. ಕೂತವರೆಲ್ಲ ತಮ್ಮ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು. ಚಾಪೆಯ ಮೇಲಿದ್ದವರು ಫಾದರ್ ಕೈ ನೋಡುತ್ತಿದ್ದರು. ಐದು, ಆರು, ಏಳು. ನನ್ನ ಆರನೇ ಬೆರಳು ಚರ್ಚಿನ ನಡುವೆ ಒದ್ದೆಯಾಗಿ ನಿಂತಿತ್ತು. ಅದು ಯಾರಿಗೂ ಬೇಕಾಗಿರಲಿಲ್ಲ. ಇಷ್ಟಕ್ಕೇ ನಾನು ಅಷ್ಟು ಹೆದರಿದ್ದೆನೇ ಎಂದು ನೋಡುವಾಗ ಹೆದರಿಕೆಯ ಇನ್ನೊಂದು ಭಾಗ ಅಲ್ಲೇ ಉಳಿದಿತ್ತು, ಅದು ಬೆರಳಿನದಾಗಿರಲಿಲ್ಲ.

ಹನ್ನೆರಡನೇ ಕುರ್ಚಿಗೆ ಬಂದೆವು. ಹುಲುಗಮ್ಮ ಬಲಗಾಲು ಚಾಚಿದಳು. ಎಂಟು ದಿನ ತಿಕ್ಕಿದ್ದರೂ ಹಿಮ್ಮಡಿಯ ಗೆರೆಗಳು ಹೋಗಿರಲಿಲ್ಲ, ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿದ್ದವು. ಫಾದರ್ ನೀರು ಹಾಕಿ, ಒರೆಸಿ, ಇನ್ನೊಂದು ಕಾಲಿಗಾಗಿ ಕೈ ಚಾಚಿದರು. ಆಕೆ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಒಂದ ಸಾಕ್ರಿ ಸ್ವಾಮಿ."

"ಯಾಕಮ್ಮ? ಎಲ್ಲರದೂ ಎರಡೂ ತೊಳೆದಿದ್ದೇನೆ."

"ಅವರನ್ನ ಕರೆದಿದ್ರಿ, ಅದಕ್ಕ ಎರಡೂ ತೊಳೆದ್ರಿ. ನಾ ಕರೀಲಾರದ ಬಂದಾಕಿ. ಈ ಮಗಳ ದಯದಿಂದ ಕುಂತೀನಿ, ಅರ್ಧ ಸಾಕು ನನಗ." ಆಕೆ ಪಿಸುಗುಟ್ಟಿದ್ದು. ಆದರೆ ಮೈಕು ಅಷ್ಟು ಹತ್ತಿರವಿತ್ತು. ಬೇವಿನ ಮರದ ಸ್ಪೀಕರು ಅದನ್ನು ದೊಡ್ಡದಾಗಿ ಹೇಳಿತು. ಹೊರಗೆ ಯಾರೂ ನಗಲಿಲ್ಲ. ಕಿಟಕಿಯಲ್ಲಿ ಮೈಲಪ್ಪ ತಂಗಿಯಿಂದ ಕಣ್ಣು ತೆಗೆದು ನೆಲ ನೋಡಿದ.

ಫಾದರ್ ಕೈ ಚಾಚಿಯೇ ಇದ್ದರು. ಕೊನೆಯ ಟವೆಲ್ ನನ್ನ ಕೈಯಲ್ಲಿತ್ತು. ಮಾರೇಶಣ್ಣ ಕಂಬದ ಹತ್ತಿರದಿಂದ ನನ್ನನ್ನು ನೋಡುತ್ತ ಸಣ್ಣಗೆ, ಬೇಡ ಎನ್ನುವಂತೆ, ತಲೆ ಆಡಿಸಿದ. ನಾನು ಹುಲುಗಮ್ಮನ ಕುರ್ಚಿಯ ಪಕ್ಕ ಒದ್ದೆ ನೆಲದ ಮೇಲೆ ಕೂತೆ. ಫಾದರ್ ಕೊರಳಪಟ್ಟಿಯ ಮೈಕು ನನ್ನ ಬಾಯಿಗೆ ಗೇಣು ದೂರದಲ್ಲಿತ್ತು.

"ಇವರನ್ನ ಕರೆದಿದ್ವಿ," ಅಂದೆ. ನನ್ನ ದನಿ ಅಂಗಳದಿಂದ ತಿರುಗಿ ನನಗೇ ಕೇಳಿಸಿತು. "ಹೆಸರು ಹೊಡೆದಾಕಿ ನಾನ. ಇವರು ಕೇಳಂಗಿಲ್ಲ ಅಂತ ಹೊಡೆದೆ."