ಮೂರು ಚುಕ್ಕಿ ಮೂಡುವವರೆಗೆ

ಒಂದು ಚುಕ್ಕಿ, ಬೆಟ್ಟದ ನೆತ್ತಿಯ ಮೇಲೆ, ಅಲ್ಲ, ಅದು ಟವರಿನ ದೀಪ, ಶಹಾಪುರದ ಆಕಾಶದಲ್ಲಿ ಈಗ ಯಾವುದನ್ನೂ ನಂಬುವ ಹಾಗಿಲ್ಲ, ಮಾಳಿಗೆ ಇನ್ನೂ ಸುಡುತ್ತಿದೆ, ಕೆಳಗಿನಿಂದ ವೈನಿ, ಅಣ್ಣನ ಹೆಂಡತಿ ಮರಿಲಿಂಗಮ್ಮ, ಏನ ಪಂಚಶೀಲಾ, ಇಷ್ಟ ವರ್ಷ ಪರದೇಶದಾಗ ಮುದುಕಿ ಸೇವಾ ಮಾಡಿ ಚುಕ್ಕಿ ಎಣಸೂದು ಕಲ್ತು ಬಂದಿಯೇನ, ರೊಟ್ಟಿ ಆರಾಕತ್ತಾವ ಇಳದು ಬಾ, ಬರ್ತೀನಿ ವೈನಿ, ನೀವು ಉಣ್ರಿ — ಮುದುಕಿ ಎಂದರೆ ನಾನು ನೋಡಿಕೊಳ್ಳುತ್ತಿದ್ದ ತಿರ್ಜಾ ಬಯ್ಯುತ್ತಿದ್ದರು, ಮೋರಾ ಅನ್ನು, ಟೀಚರ್ ಅಂತ ಅರ್ಥ, ಹೈಫಾದ ಆ ಓಣಿಯೆಲ್ಲ ಹಾಗೇ ಕರೆಯುತ್ತಿತ್ತು, ಬಾಗ್ದಾದಿನಿಂದ ಮಗುವಾಗಿ ಬಂದು ಡೇರೆಯ ಶಾಲೆಯಲ್ಲಿ ಹೀಬ್ರೂ ಕಲಿತವರು, ಅದನ್ನೇ ಜೀವನವಿಡೀ ಮಕ್ಕಳಿಗೆ ಕಲಿಸಿದವರು, ಮೊದಲ ದಿನ ಅಕ್ಷರದ ಮೇಲೆ ಜೇನು ಸವರಿ ನೆಕ್ಕಿಸುತ್ತಿದ್ದರಂತೆ, ಉಳಿದ ಹೊತ್ತೆಲ್ಲ ಕವಿತೆ, ಶುಕ್ರವಾರ ಸಂಜೆ ದೀಪ ಹಚ್ಚಿದರೆ ಮಾತ್ರ ಬರವಣಿಗೆ ಬಂದ್, ಅದು ಅವರ ಯೆಹೂದಿ ಧರ್ಮ, ಶನಿವಾರ ಆಕಾಶದಲ್ಲಿ ಮೂರು ಚುಕ್ಕಿ ಕಾಣುವವರೆಗೆ ಒಂದಕ್ಷರ ಬರೆಯುವಂತಿಲ್ಲ, ಆದರೆ ಕವಿತೆಗೆ ವಾರ ಗೊತ್ತಿಲ್ಲವಲ್ಲ, ಬಂದ ಸಾಲನ್ನು ನನ್ನ ಕಿವಿಯಲ್ಲಿ ಇಡುತ್ತಿದ್ದರು, ಹಿಡಿದುಕೋ, ಕತ್ತಲಾದ ಮೇಲೆ ಕೊಡು, ಅರ್ಥ ತಿಳಿಯದೆ ಹಿಡಿಯುವುದು ನನಗೇನು ಹೊಸದೇ, ವಿಹಾರದ ಚಾಪೆಯ ಮೇಲೆ ಅಪ್ಪ ಪಾಲಿ ಗಾಥೆ ಕಲಿಸಿದ್ದೇ ಹಾಗೆ, ಅರ್ಥ ಹಿಂದಿಂದ ಬರ್ತದವ್ವ, ಮೊದಲ ಬಾಯಾಗ ಕುಂದರ್ಲಿ, ಎಷ್ಟೋ ಶನಿವಾರ ಒಂದಕ್ಷರ ಚೆಲ್ಲದೆ ಒಪ್ಪಿಸಿದ್ದೇನೆ, ಮೋರಾ ನಗುತ್ತಿದ್ದರು, ನೀನು ನನ್ನ ಅಲಮಾರಿ, ರೊಟ್ಟಿ ತಿನ್ನುವ ಅಲಮಾರಿ.

ನಿನ್ನೆ ಅವರ ಮಗಳು ಯಾಯೆಲ್ ಫೋನು ಮಾಡಿದ್ದಳು, ಅಮ್ಮನ ಕೊನೆಯ ಕವಿತೆಗಳು ಅಚ್ಚಿಗೆ ಹೋಗುತ್ತಿವೆ, ಆ ಕಡೆಯ ಶನಿವಾರ ನಿನ್ನ ಹತ್ತಿರ ಏನಾದರೂ ಇಟ್ಟಿದ್ದರಾ, ನೆನಪಾದಷ್ಟು ಹೇಳು — ಇಟ್ಟಿದ್ದರು, ನಾಲ್ಕು ಸಾಲು, ಮಧ್ಯಾಹ್ನ, ಎರಡು ಸಲ ಹೇಳಿಸಿಯೂ ನೋಡಿದರು, ಯಾಕೋ ಅಂದು ಉದ್ದವೆನಿಸಿತು, ಬರೆದಿಡಲಾ ಮೋರಾ, ನನ್ನ ಲಿಪಿಯಲ್ಲಿ, ನಿಮ್ಮ ನಿಯಮ ನನಗಿಲ್ಲವಲ್ಲ, ಅವರು ಬೇಡವೆಂದು ತಲೆಯಾಡಿಸಿದರು, ನನಗಾಗಿ ನೀನು ಬರೆದರೆ ನಾನು ಬರೆದಂತೆಯೇ, ಸರಿ ಎಂದೆ, ಒಪ್ಪಿದ್ದು ಅವರ ಧರ್ಮಕ್ಕೋ, ಅಲಮಾರಿ ಅನ್ನಿಸಿಕೊಂಡ ನನ್ನ ಹೆಮ್ಮೆಗೋ, ಸ್ವಲ್ಪ ಹೊತ್ತಿಗೆ ಅವರ ಬಾಯಿ ಒಂದು ಕಡೆ ವಾಲಿತು, ಆಂಬುಲೆನ್ಸು, ಮೆಟ್ಟಿಲು, ಯಾಯೆಲ್ ಕೂಗು, ಕತ್ತಲಾಗುವ ಮೊದಲೇ ಹೋದರು, ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಿವಿ ತಡಕಿದರೆ ಎರಡೇ ಶಬ್ದ, ನೀರು, ಅಮ್ಮ, ಅವೂ ಕವಿತೆಯವೋ, ಬಾಯಾರಿ ತಾಯಿಯನ್ನು ಕರೆದದ್ದೋ, ಇವತ್ತೂ ಶನಿವಾರ, ಒಪ್ಪಿಸುವ ಹೊತ್ತಿಗೆ ತಾನಾಗಿ ಬಂದೀತೆಂದು ಮಾಳಿಗೆ ಹತ್ತಿದೆ, ಬಾಯಿ ತೆರೆದರೆ ಅಪ್ಪ ಕೂರಿಸಿದ ಪಾಲಿಯೇ ಬರುತ್ತದೆ, ಎರಡು ಶಬ್ದಕ್ಕೆ ಇನ್ನೆರಡು ಹೊಂದಿಸಿ ಹೇಳಿಬಿಟ್ಟರೆ ಯಾರಿಗೆ ತಿಳಿಯುತ್ತದೆ, ಮೋರಾಗೆ ತಿಳಿಯುತ್ತದೆ, ಇಲ್ಲ ಯಾಯೆಲ್, ನನ್ನಲ್ಲಿ ಉಳಿದಿಲ್ಲ ಎನ್ನಬೇಕು, ಅಷ್ಟೇ, ಎಂದರೂ ಇದೊಂದು ಹೋಗುವುದಿಲ್ಲ, ಪ್ರತಿ ಶನಿವಾರ ಬರುತ್ತದೆ, ಆ ಮಧ್ಯಾಹ್ನ ಆಗಷ್ಟೇ ಅವರ ಬಿಪಿ ನೋಡಿ ಅಂಕಿ ಬರೆದುಕೊಂಡಿದ್ದೆ, ಸರಿ ಮೋರಾ ಎನ್ನುವಾಗ ಪೆನ್ನು ನನ್ನ ಬೆರಳಲ್ಲೇ ಇತ್ತು, ಮುಚ್ಚಳ ತೆಗೆದ ಪೆನ್ನು, ಬೆರಳಲ್ಲೇ.