ಬೀಗದೊಳಗಿನ ಫಾಯಿಲ್

ನಮ್ಮ ಢಾಬಾದಲ್ಲಿ ಗಲ್ಲಾಪೆಟ್ಟಿಗೆಗೆ ಬೀಗವಿಲ್ಲ, ಪರಾಠ ಕಟ್ಟುವ ಫಾಯಿಲ್ ಸುರುಳಿಯ ಡಬ್ಬಕ್ಕೆ ಇದೆ. ವ್ಯಸನಮುಕ್ತಿ ಕೇಂದ್ರದಿಂದ ನಾನು ಮನೆಗೆ ಬಂದ ದಿನ ಅಣ್ಣ ಹಾಕಿದ್ದು. ಅಂದಿನಿಂದ ಪರಾಠ ಕಟ್ಟುವುದು ಹಳೇ ಪತ್ರಿಕೆಯಲ್ಲಿ. ತರನ್ ತಾರನ್ ರಸ್ತೆಯ ಡ್ರೈವರುಗಳಿಗೆಲ್ಲ ಕಾರಣ ಗೊತ್ತು. ನಾನು ಚಿಟ್ಟಾ, ಅಂದರೆ ಹೆರಾಯಿನ್, ಸೇದುತ್ತಿದ್ದದ್ದು ಫಾಯಿಲಿನ ಮೇಲೆ: ಕೆಳಗೆ ಬೆಂಕಿ, ಮೇಲೆ ಪುಡಿ, ಬಾಯಲ್ಲಿ ನಳಿಗೆ.

ಆವತ್ತು ಮಧ್ಯಾಹ್ನ ಬಲ್ಕಾರ್ ಚಾಚಾ ಲಾರಿಯಿಂದಿಳಿದವರೇ ಬೆಳಿಗ್ಗೆ ನಮ್ಮಲ್ಲೇ ಕಟ್ಟಿಸಿಕೊಂಡಿದ್ದ, ತುಪ್ಪ ಸೋರುವ ಪೊಟ್ಟಣ ಎತ್ತಿ ತೋರಿಸಿದರು.

"ನೋಡು ಮಗಳೇ, ಪರಾಠದ ಮೇಲೆ ಮಂತ್ರಿ ಮುಖ ಅಚ್ಚಾಗಿದೆ. ಇವನನ್ನೂ ನಾನೇ ತಿನ್ಬೇಕಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಣ್ಣನ ಮುಂದೆ ಕೈ ಚಾಚಿದೆ.

"ಕೀಲಿ ಕೊಡು, ವೀರೇ."

"ಸುಮ್ನೆ ತಂದೂರ್ ನೋಡ್ಕೋ, ಜೀತೋ."

"ಫಾಯಿಲ್ಲು ಅಂಗಡಿ ಅಂಗಡೀಲೂ ಸಿಗುತ್ತೆ. ಊರಿಗೆಲ್ಲ ಬೀಗ ಜಡೀತೀಯಾ?"

"ಹೋದ್ಸಲ ಕೇಂದ್ರದಿಂದ ಬಂದಾಗ್ಲೂ ಹಿಂಗೇ ಜಂಬ ಕೊಚ್ಚಿದ್ದೆ."

"ಹೋದ್ಸಲ ಆಸೆನೇ ಆಗಲ್ಲ ಅಂದಿದ್ದೆ. ಈಗ ಹಂಗನ್ನಲ್ಲ. ಆಗುತ್ತೆ. ಆದ್ರೂ ಕೊಡು."

ಅವನು ಕೀಲಿಯನ್ನು ಮೇಜಿನ ಮೇಲೆ ಎಸೆದ.

ಬೀಗ ತೆಗೆದು ಹಾಳೆ ಎಳೆದೆ. ಆ ಸರಸರ ಸದ್ದಿಗೇ ಬಾಯಿ ಒಣಗಿತು. ನೋಡುನೋಡುತ್ತಿದ್ದಂತೆ ಬೆರಳುಗಳು ಹಾಳೆಯನ್ನು ಕಿರಿದಾಗಿ ಹರಿದು, ಉಗುರಿನಿಂದ ಸುಕ್ಕು ತೀಡಿ, ಉದ್ದಕ್ಕೆ ಮಡಿಸಿ ಕಾಲುವೆ ಮಾಡಿದ್ದವು. ಪರಾಠ ಕಟ್ಟುವವರು ಯಾರೂ ಹಾಗೆ ಮಡಿಸುವುದಿಲ್ಲ.

ನಗು ನಿಂತಿತು. ಅಣ್ಣ ಎದ್ದ.

"ಕೂತ್ಕೋ," ಎಂದೆ.

ಆ ಕಾಲುವೆಗೆ ಮಾವಿನ ಉಪ್ಪಿನಕಾಯಿ ತುಂಬಿದೆ, ಕೆಂಪೆಣ್ಣೆ ಅಂಚಿಗೆ ಬರುವವರೆಗೆ. ಎರಡೂ ಕೈಯಲ್ಲಿ ಹಿಡಿದು ಚಾಚಾನ ಮುಂದಿಟ್ಟೆ.

"ತಗೊಳ್ಳಿ. ಈ ಕೈ ಕಲಿತಿರೋ ಮಡಿಕೆ ಇದೇ. ಇನ್ಮೇಲೆ ಇದ್ರಲ್ಲಿ ಉಪ್ಪಿನಕಾಯಿ."

ಚಾಚಾ ಒಂದು ಹೋಳು ಬಾಯಿಗೆ ಹಾಕಿಕೊಂಡರು.

"ಖಾರ ಕಣೇ, ರಾಕ್ಷಸಿ," ಎಂದು ಕಣ್ಣೊರೆಸಿಕೊಂಡರು. "ಕ್ಲೀನರಿಗೂ ಒಂದು ಕಟ್ಟು. ಅವನೂ ಅಳಲಿ."

ನನ್ನ ಬಾಯಿ ಇನ್ನೂ ಒಣಗಿಯೇ ಇತ್ತು. ಮತ್ತೊಂದು ಹಾಳೆ ಎಳೆದೆ, ಈ ಸಲ ಅಗಲವಾಗಿ, ಪರಾಠದಷ್ಟು.

ಅಣ್ಣ ಬಂದು ಕೀಲಿಗೆ ಕೈ ಚಾಚಿದ. ನಾನದನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡೆ.